ಜಗತಳದ ಬ್ಯಾರಕ್ಕು ಮ್ಯೂಸಿಯಂ ಆಗುವುದು ಬೇಡ

ನಮಸ್ಕಾರ. ಚಾಮರಾಜನಗರದಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಅಜ್ಜ ಮದ್ರಾಸ್ ರೆಜಿಮೆಂಟಿನ ಸಿಪಾಯಿ, ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ, ಅಂದರೆ ಹಳೇ ಜಗತಳದಲ್ಲಿ, ಟ್ರೈನಿಂಗ್ ಮುಗಿಸಿದವರು. ಹೋದ ರಜೆಯಲ್ಲಿ ಮಕ್ಕಳ ಜೊತೆ ಊಟಿಗೆ ಹೋದಾಗ ಅಲ್ಲಿಯ ಬ್ಯಾರಕ್ಕನ್ನು, ಸೈನಿಕರು ವಾಸಿಸುವ ಆ ಹಳೇ ಕಟ್ಟಡವನ್ನು, ಗೇಟಿನ ಆಚೆಯಿಂದಲೇ ನೋಡಿ ಬಂದಿದ್ದೀರಿ. ಅಷ್ಟು ದೂರದ ಬೆಟ್ಟದ ಮೇಲೆ ಬ್ರಿಟಿಷರು ದಂಡು ಯಾಕೆ ಕಟ್ಟಿದರು ಅಂತ ಕೇಳಿದ್ದೀರಿ. ಕಂಟೋನ್ಮೆಂಟ್‌ಗಳನ್ನೆಲ್ಲ, ಅಂದರೆ ದಂಡು ಪ್ರದೇಶಗಳನ್ನೆಲ್ಲ, ತೆಗೀತಾರಂತೆ, ಹಾಗಾದ್ರೆ ಆ ಕಟ್ಟಡಗಳನ್ನು ಮ್ಯೂಸಿಯಂ ಮಾಡಬಾರದಾ ಅಂತಲೂ ಕೇಳಿದ್ದೀರಿ.

ಮೊದಲನೇ ಪ್ರಶ್ನೆಗೆ ಉತ್ತರ ನಮ್ಮ ಶ್ರೀರಂಗಪಟ್ಟಣದಲ್ಲೇ ಇದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಅಲ್ಲೇ ಬೀಡುಬಿಟ್ಟಿತು. ಅದರ ಹೊಣೆ ಹೊತ್ತವನು ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ. ಸುತ್ತ ಕಾವೇರಿ, ಕಾಲುವೆ, ಗದ್ದೆ, ಸೊಳ್ಳೆ. ಸೊಳ್ಳೆಯಿಂದ ಜ್ವರ ಬರುತ್ತೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ, ಕೆಟ್ಟ ಗಾಳಿ ಅಂತ ನಂಬಿದ್ದರು. ಜ್ವರ ಜಾಸ್ತಿಯಾಗಿ, 1809ರ ಹೊತ್ತಿಗೆ ದಂಡನ್ನು ಬೆಂಗಳೂರಿನ ಎತ್ತರದ ನೆಲಕ್ಕೆ ಸಾಗಿಸಿದರು. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನಕ್ಕೆ, ಅಂದರೆ ಆ ದಂಡಿನವರ ಸ್ಮಶಾನಕ್ಕೆ, ಒಮ್ಮೆ ಹೋಗಿ ಬನ್ನಿ. ಕಂಪನಿ ಪರವಾಗಿ ಕಾದಲು ಬಂದ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರ ಗೋರಿಗಳು ಅಲ್ಲಿವೆ. ಎಲ್ಲಿಯ ಊರು, ಎಲ್ಲಿಯ ಮಣ್ಣು! ಅಲ್ಲಿ ನಿಂತರೆ ಗಂಟಲು ಕಟ್ಟುತ್ತದೆ.

ಆ ಕಾಲದಲ್ಲಿ ಗುಂಡಿಗಿಂತ ಜ್ವರ, ಕಾಲರಾಗಳಿಗೆ ಸತ್ತ ಸಿಪಾಯಿಗಳೇ ಜಾಸ್ತಿ. ಅದಕ್ಕೇ ಸರ್ಕಾರದ ಕಣ್ಣು ನೀಲಗಿರಿಯ ಮೇಲೆ ಬಿತ್ತು. ಕೂನೂರಿನ ಪಕ್ಕದಲ್ಲಿ, ಸುಮಾರು 6,000 ಅಡಿ ಎತ್ತರದಲ್ಲಿ, 1852ರಲ್ಲಿ ಬ್ಯಾರಕ್ ಕೆಲಸ ಶುರುವಾಯಿತು. ಬಯಲುಸೀಮೆಯಲ್ಲಿ ಕಾಯಿಲೆ ಬಿದ್ದ ಬಿಳಿ ಸೈನಿಕರು ಇಲ್ಲಿಗೆ ಬಂದು ಸುಧಾರಿಸಿಕೊಳ್ಳುತ್ತಿದ್ದರು. ಊರಿನ ಹೆಸರು ಜಗತಳ, ಬಡಗರ ಹಟ್ಟಿ. ಬ್ರಿಟಿಷರ ಬಾಯಲ್ಲಿ ಅದು 'ಜಾಕಟಾಲಾ' ಆಯಿತು. 1860ರಲ್ಲಿ ಅದನ್ನೂ ತೆಗೆದು ವೆಲ್ಲಿಂಗ್ಟನ್ ಅಂತ ಇಟ್ಟರು. ಅಷ್ಟರಲ್ಲಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ ತೀರಿಕೊಂಡಿದ್ದ ಅದೇ ವೆಲ್ಲೆಸ್ಲಿಯ ಹೆಸರು.

ಬಡಗು ಅಂದರೆ ಉತ್ತರ. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದ ಜನ ಬಡಗರು, ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ಊಟಿ ರೈಲಿನಲ್ಲಿ ಒಮ್ಮೆ ಅಜ್ಜಿಯೊಬ್ಬರು ಮೊಮ್ಮಗನ ಹತ್ತಿರ ಮಾತಾಡುತ್ತಿದ್ದುದನ್ನು ಕೇಳಿದೆ, ಅರ್ಧಕ್ಕಿಂತ ಜಾಸ್ತಿ ಅರ್ಥವಾಯಿತು. ಆ ಹಟ್ಟಿಯ ಹೆಸರು ಬ್ಯಾರಕ್ಕಿನ ಬೋರ್ಡಿಗೆ ಮತ್ತೆ ಬರಬೇಕು ಅನ್ನುವುದು ನನ್ನ ಆಸೆ.

1947ರಲ್ಲಿ ಮದ್ರಾಸ್ ರೆಜಿಮೆಂಟಿನ ಟ್ರೈನಿಂಗ್ ಸೆಂಟರ್ ವೆಲ್ಲಿಂಗ್ಟನ್ನಿಗೆ ಬಂತು. ಸೇನೆಯ ಮುಖ್ಯಸ್ಥರಾಗಿದ್ದು, ಆಮೇಲೆ ಮೈಸೂರಿನ ರಾಜ್ಯಪಾಲರೂ ಆದ ಜನರಲ್ ಶ್ರೀನಾಗೇಶರ ಹೆಸರನ್ನು ಆ ಹಳೇ ಬ್ಯಾರಕ್ಕಿಗೆ ಇಟ್ಟಿದ್ದಾರೆ. ಮೈಸೂರು ಸಂಸ್ಥಾನದ ಕಾಲ್ದಳವಾಗಿದ್ದ ಹಳೇ ಮೈಸೂರು ಇನ್‌ಫೆಂಟ್ರಿಯೂ ಇದೇ ರೆಜಿಮೆಂಟಿಗೆ ಸೇರಿ 18ನೇ ಬೆಟಾಲಿಯನ್ ಆಯಿತು. 'ವೀರ ಮದ್ರಾಸಿ, ಅಡಿ ಕೊಲ್ಲು' ಅಂತ ಈ ರೆಜಿಮೆಂಟಿನವರು ಯುದ್ಧಘೋಷ ಕೂಗುವಾಗ ಆ 'ಕೊಲ್ಲು' ನಮ್ಮದೂ ಹೌದು ಅಲ್ವಾ?

ಈಗ ಮುಂದಿನ ಮಾತು. ನೀವು ಕೇಳಿರುವ ಸುದ್ದಿಗೂ ನಿಜ ಸಂಗತಿಗೂ ಸ್ವಲ್ಪ ವ್ಯತ್ಯಾಸ ಇದೆ. ಸೇನೆಯನ್ನು ಎಬ್ಬಿಸಿ ಬ್ಯಾರಕ್ ಮಾರುವ ಯೋಜನೆ ಅಲ್ಲ ಅದು. ಕಂಟೋನ್ಮೆಂಟಿನೊಳಗೆ ಸಾಮಾನ್ಯ ಜನರ ಮನೆ, ಅಂಗಡಿ, ಬೀದಿಗಳಿವೆ. ಅವನ್ನು ಪಕ್ಕದ ಪುರಸಭೆಗೋ ಪಾಲಿಕೆಗೋ ಸೇರಿಸಿ, ಸೇನೆಯ ಜಾಗವನ್ನು ಮಿಲಿಟರಿ ಸ್ಟೇಷನ್ ಅಂತ ಬೇರೆ ಇಡುವುದು ಅದರ ಉದ್ದೇಶ. ಆಗಿದ್ದ 62 ಕಂಟೋನ್ಮೆಂಟ್‌ಗಳಲ್ಲಿ ಹಿಮಾಚಲದ ಯೋಲ್‌ನಲ್ಲಿ 2023ರಲ್ಲಿ ಇದನ್ನು ಮೊದಲು ಮಾಡಿದರು. ನಮ್ಮ ಬೆಳಗಾವಿ ಕ್ಯಾಂಪಿನಲ್ಲೂ ಈ ಮಾತು ನಡೆದಿದೆ. ಬೆಂಗಳೂರಿನ ದಂಡು ಪ್ರದೇಶವಂತೂ 1949ರಲ್ಲೇ ಕಾರ್ಪೊರೇಷನ್ನಿಗೆ ಸೇರಿತು.

ಆ ಬೀದಿಯ ಜನಕ್ಕೆ ತಮ್ಮ ವಾರ್ಡಿನ ಸದಸ್ಯನನ್ನು ತಾವೇ ಆರಿಸುವ ಹಕ್ಕು, ಮನೆ ರಿಪೇರಿಗೆ ಸುಲಭವಾಗಿ ಪರವಾನಗಿ, ರಾಜ್ಯ ಸರ್ಕಾರದ ಯೋಜನೆಗಳು ಸಿಗಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬ್ಯಾರಕ್ ಮ್ಯೂಸಿಯಂ ಆಗುವುದು ಬೇಡ. ಪಾಂಡವಪುರವನ್ನೇ ನೋಡಿ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬಿಡಾರ ಹೂಡಿದ್ದ ಹಿರೋಡೆ ಅದು, ಆಮೇಲೆ ಫ್ರೆಂಚ್ ರಾಕ್ಸ್ ಅನ್ನಿಸಿಕೊಂಡಿತು. ಸೈನ್ಯ ಹೋಯಿತು, ಹೆಸರೂ ಹೋಯಿತು. ಅಲ್ಲಿಯ ಇವತ್ತಿನ ಮಕ್ಕಳಲ್ಲಿ ಎಷ್ಟು ಜನಕ್ಕೆ ಆ ಕಥೆ ಗೊತ್ತು? ವೆಲ್ಲಿಂಗ್ಟನ್ನಿನ ಗೋಡೆಗಳು ಇನ್ನೂ ಗಟ್ಟಿಯಾಗಿರುವುದು ಅಲ್ಲಿ ದಿನಾ ಹುಡುಗರು ಏಳುತ್ತಾರೆ, ಗುಡಿಸುತ್ತಾರೆ, ಸುಣ್ಣ ಬಳಿಯುತ್ತಾರೆ ಅನ್ನುವ ಕಾರಣಕ್ಕೆ. ವರ್ಷಕ್ಕೆ ಒಂದೆರಡು ದಿನ ನಿಮ್ಮಂಥ ಕುಟುಂಬದವರಿಗೆ ಗೇಟು ತೆರೆದರೆ ಸಾಕು. ಅದನ್ನು ನಾವೂ ಕೇಳೋಣ.

ಅಜ್ಜನ ಡಿಸ್ಚಾರ್ಜ್ ಪುಸ್ತಕ ಮನೆಯಲ್ಲಿದೆಯಾ ಹುಡುಕಿ. ಅದರಲ್ಲಿ ಅವರ ಸೈನ್ಯದ ನಂಬರ್ ಇರುತ್ತದೆ. ರೆಜಿಮೆಂಟಿನ ರೆಕಾರ್ಡ್ ಆಫೀಸು ವೆಲ್ಲಿಂಗ್ಟನ್ನಿನಲ್ಲೇ ಇದೆ. ಆ ನಂಬರ್ ಬರೆದು, ನೀವು ಮೊಮ್ಮಗಳು ಅಂತ ತಿಳಿಸಿ, ಅಲ್ಲಿಗೆ ಒಂದು ಕಾಗದ ಹಾಕಿ. ಏನು ಉತ್ತರ ಬಂತು ಅಂತ ನನಗೂ ಬರೆಯಿರಿ.

— ಸಂಪಾದಕ