ಶ್ರೋಡರ್: ದರ್ಜಿಯೋ, ಪೀಪಾಯಿ ಇಳಿಸುವವನೋ?

ಪ್ರಶ್ನೆ: ನನ್ನ ಜರ್ಮನ್ ಸಹೋದ್ಯೋಗಿಯ ಮನೆತನದ ಹೆಸರು ಶ್ರೋಡರ್. ಅದು ದರ್ಜಿ ಕಸುಬಿನಿಂದ ಬಂದದ್ದು ಎನ್ನುತ್ತಾರೆ. ಆದರೆ ಜರ್ಮನ್ ತರಗತಿಯಲ್ಲಿ ದರ್ಜಿಗೆ ‘ಶ್ನೈಡರ್’ ಎಂದು ಕಲಿತಿದ್ದೇನೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಉತ್ತರ ಜರ್ಮನಿಯ ಪ್ಲಾಟ್ ಭಾಷೆಯಲ್ಲಿ ‘ಶ್ರೋಡೆನ್’ ಎಂದರೆ ಕತ್ತರಿಸು. ಬಟ್ಟೆ ಕತ್ತರಿಸಿ ಹೊಲಿಯುವವನೇ ಶ್ರೋಡರ್. ಬ್ರೌನ್‌ಶ್ವೈಗ್ ಸುತ್ತ ಅದೇ ಹೆಸರು ಶ್ರಾಡರ್. ಕೆಳ ರೈನ್ ಕಡೆ ‘ಡ’ ಸವೆದು ಶ್ರೋಯರ್. 16–17ನೇ ಶತಮಾನದಲ್ಲಿ ದಕ್ಷಿಣದ ಜರ್ಮನ್ ಇಡೀ ದೇಶದ ಬರಹದ ಭಾಷೆಯಾದಾಗ ಕಸುಬಿನ ಹೆಸರಾಗಿ ಶ್ನೈಡರ್ ಗೆದ್ದಿತು. ಮನೆತನದ ಹೆಸರುಗಳು ಅಷ್ಟರಲ್ಲಿ ನೆಲೆಯೂರಿದ್ದವು.

ಆದರೆ ಮನೆತನ ವೈನ್ ಸೀಮೆಯದಾದರೆ ಅವಸರಪಡಬೇಡಿ. ರೈನ್, ಮೊಸೆಲ್, ಫ್ರಾಂಕೋನಿಯಾ ಕಡೆಗಳಲ್ಲಿ ಶ್ರೋಟರ್ ಎಂದರೆ ಪೀಪಾಯಿಗಳನ್ನು ನೆಲಮಾಳಿಗೆಗೆ ಇಳಿಸಿ ಹತ್ತಿಸುವವನು. ಮೊಸೆಲ್‌ನ ‘ಫೂಡರ್’ ಪೀಪಾಯಿಯಲ್ಲಿ ಸುಮಾರು 1000 ಲೀಟರ್ ಹಿಡಿಯುತ್ತದೆ. ಮರವೂ ಸೇರಿದರೆ ತೂಕ ಒಂದು ಟನ್ ದಾಟುತ್ತದೆ. ಎರಡು ತೊಲೆಗಳಿಗೆ ಅಡ್ಡಪಟ್ಟಿ ಜೋಡಿಸಿದ ‘ಶ್ರೋಟ್‌ಲೈಟರ್’ ಏಣಿಯನ್ನು ಮೆಟ್ಟಿಲ ಮೇಲೆ ಹಾಸಿ, ಎರಡೂ ಬದಿಯ ಹಗ್ಗಗಳ ಒಂದು ತುದಿಯನ್ನು ಮೇಲೆ ಬಿಗಿದು, ಪೀಪಾಯಿಯನ್ನು ಬಳಸಿ ಬಂದ ಇನ್ನೊಂದು ತುದಿಯನ್ನು ಮೆಲ್ಲಗೆ ಸಡಿಲಿಸುತ್ತಿದ್ದರು. ಹೀಗೆ ಮಾಡಿದರೆ ಕೈಗೆ ಬರುವ ಭಾರ ಅರ್ಧದಷ್ಟು. ಎರಡು ಬದಿಯ ಹಗ್ಗಗಳು ಒಂದೇ ಸಮ ಸಡಿಲವಾಗದಿದ್ದರೆ ಪೀಪಾಯಿ ಓರೆಯಾಗಿ ಏಣಿಯಿಂದ ಜಾರುತ್ತದೆ. ಇಷ್ಟು ಅಪಾಯದ, ಇಷ್ಟು ಬೆಲೆಯ ಸರಕಾದ್ದರಿಂದಲೇ ಹಲವು ಊರುಗಳು ಶ್ರೋಟರ್‌ಗಳಿಂದ ಪ್ರಮಾಣ ಮಾಡಿಸಿ ನೇಮಿಸಿಕೊಳ್ಳುತ್ತಿದ್ದವು.

‘ಡ’ ಇದ್ದರೆ ದರ್ಜಿ, ‘ಟ’ ಇದ್ದರೆ ಪೀಪಾಯಿಯವನು ಎಂಬ ಸೂತ್ರ ನಂಬಬೇಡಿ. ನಡು ಜರ್ಮನಿಯ ಆಡುಮಾತಿನಲ್ಲಿ ‘ಟ’ ಮೆತ್ತಗಾಗಿ ‘ಡ’ ಆಗುವುದುಂಟು. ಅರ್ಥ ತೀರ್ಮಾನಿಸುವುದು ಊರು. ಹೆಸರು ಒಂದೇ ಎಂದು ನಂಟೂ ಕಟ್ಟಬೇಡಿ: 1961ರಿಂದ 1966ರವರೆಗೆ ವಿದೇಶಾಂಗ ಸಚಿವರಾಗಿದ್ದ ಗೆರ್ಹಾರ್ಡ್ ಶ್ರೋಡರ್ ಅವರಿಗೂ 1998ರಲ್ಲಿ ಚಾನ್ಸೆಲರ್ ಆದ ಗೆರ್ಹಾರ್ಡ್ ಶ್ರೋಡರ್ ಅವರಿಗೂ ಸಂಬಂಧವಿಲ್ಲ.

ಊರು ಪತ್ತೆಮಾಡಲು ನಿಮ್ಮ ಸಹೋದ್ಯೋಗಿ ಜನನ, ಮದುವೆ, ಮರಣಗಳ ನಾಗರಿಕ ನೋಂದಣಿಯಿಂದ ಹಿಂದಕ್ಕೆ ಹೋಗಲಿ. ಪ್ರಷ್ಯಾದಲ್ಲಿ ಅದು ಶುರುವಾದದ್ದು 1874ರ ಅಕ್ಟೋಬರ್ 1ರಂದು, ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ 1876ರ ಜನವರಿ 1ರಂದು. ಅದಕ್ಕೂ ಹಿಂದಿನದಕ್ಕೆ ಚರ್ಚಿನ ದಾಖಲೆ ಪುಸ್ತಕಗಳೇ ಬಹುಪಾಲು ಆಧಾರ. ಹುಡುಕುವಾಗ ಹೆಸರಿನ (Schröder) ‘ಓ’ ಮೇಲಿನ ಎರಡು ಚುಕ್ಕಿ ಕಾಡುತ್ತದೆ. ಹಳೆ ಕೈಬರಹ ನಕಲು ಮಾಡುವಾಗ ಚುಕ್ಕಿ ಬಿಟ್ಟುಹೋಗಿರಬಹುದು. ಜರ್ಮನ್ ನಿಘಂಟುಗಳ ಅಕಾರಾದಿಯಲ್ಲಿ ಅದು ಬರೀ ‘ಓ’. ಫೋನ್ ಪುಸ್ತಕದಂಥ ಹೆಸರಿನ ಪಟ್ಟಿಗಳಲ್ಲಿ ‘ಓ’ ನಂತರ ‘ಇ’ ಬರೆದಂತೆ (oe) ಲೆಕ್ಕ. ಎರಡೂ ಕಡೆ ನೋಡಲು ಹೇಳಿ.