ಬಯಾಲಜಿ ಓದಿಲ್ಲ, ಬಯೋಮೆಡಿಕಲ್ ಎಂ.ಟೆಕ್ ಸಿಗುತ್ತಾ?

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಎಲೆಕ್ಟ್ರಾನಿಕ್ಸ್ ಬಿ.ಟೆಕ್, ಮೂರನೇ ವರ್ಷ. ಪ್ಲಸ್ ಟುನಲ್ಲಿ ಬಯಾಲಜಿ ಇರಲಿಲ್ಲ. ಬಯೋಮೆಡಿಕಲ್ ಎಂ.ಟೆಕ್‌ಗೆ ಏನೇನು ಬೇಕು?
– ಓದುಗರು, ಬದಿಯಡ್ಕ

ಉತ್ತರ: ಬಯಾಲಜಿ ಇರಲಿಲ್ಲ ಅಂತ ಹಿಂಜರಿಯಬೇಡಿ. ಎಲೆಕ್ಟ್ರಾನಿಕ್ಸ್‌ನವರನ್ನು ಈ ಕೋರ್ಸಿಗೆ ಹೆಚ್ಚಿನ ಕಡೆ ತಗೊಳ್ಳುತ್ತಾರೆ. ಐಐಟಿಗಳಿಗೆ ಸಾಮಾನ್ಯವಾಗಿ ಗೇಟ್ (ಎಂ.ಟೆಕ್ ಸೇರಲು ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ) ಸ್ಕೋರ್ ಬೇಕು. ಮೂರನೇ ವರ್ಷದಲ್ಲೇ ಬರೆಯಬಹುದು, ಸ್ಕೋರ್ 3 ವರ್ಷ ನಡೆಯುತ್ತದೆ. 2020ರಿಂದ ಬಯೋಮೆಡಿಕಲ್‌ಗೇ ಬೇರೆ ಪೇಪರ್ ಇದೆ. ಅದರಲ್ಲಿ ಗಣಿತ, ಸರ್ಕ್ಯೂಟ್, ಸಿಗ್ನಲ್ಸ್ ಎಲ್ಲ ನಿಮಗೆ ಗೊತ್ತಿರುವುದೇ, ಅನಾಟಮಿ, ಫಿಸಿಯಾಲಜಿ, ಬಯೋಮೆಕ್ಯಾನಿಕ್ಸ್‌ನಂಥವನ್ನು ಮಾತ್ರ ಹೊಸದಾಗಿ ಕೂತು ಓದಬೇಕು. ಯಾವ ಪೇಪರ್ ಒಪ್ಪುತ್ತಾರೆ, ಡಿಗ್ರಿಯಲ್ಲಿ ಎಷ್ಟು ಮಾರ್ಕ್ಸ್ ಕೇಳುತ್ತಾರೆ ಅನ್ನೋದು ಒಂದೊಂದು ಕಡೆ ಒಂದೊಂದು ಥರ. ಆ ವರ್ಷದ ಬ್ರೋಷರ್ ಓದಿಯೇ ಅರ್ಜಿ ಹಾಕಿ.

ಪರೀಕ್ಷೆ ಇಂಗ್ಲಿಷ್‌ನಲ್ಲೇ. ಆದರೆ ನೀವು ಬಿ.ಟೆಕ್ ಓದುತ್ತಿರುವುದೂ ಇಂಗ್ಲಿಷ್‌ನಲ್ಲೇ ಅಲ್ವಾ, ಚಿಂತೆ ಬೇಡ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಸಿಜಿ, ಅಂದರೆ ಹೃದಯದ ವಿದ್ಯುತ್ ಅಲೆಯನ್ನು ದಾಖಲಿಸುವ ಸರ್ಕ್ಯೂಟ್, ತಗೊಳ್ಳಿ ಅಂತ ನನ್ನ ಒತ್ತಾಯ. ಎದೆಯ ಮೇಲಿನ ಎಲೆಕ್ಟ್ರೋಡಿಗೆ ಸಿಗುವುದು ಸುಮಾರು 1 ಮಿಲಿವೋಲ್ಟ್ ಅಷ್ಟೇ, ಅದರ ಮೇಲೆ ಮನೆ ಕರೆಂಟಿನ 50 ಹರ್ಟ್ಸ್ ಗಲಾಟೆ ಕೂತಿರುತ್ತದೆ. ಆ ಗಲಾಟೆಯನ್ನು ಫಿಲ್ಟರ್ ಮಾಡಿ ಹೃದಯದ ಅಲೆಯನ್ನು ಸ್ಪಷ್ಟವಾಗಿ ತೋರಿಸಿದರೆ ಇಂಟರ್‌ವ್ಯೂನಲ್ಲಿ ಧೈರ್ಯವಾಗಿ ಮಾತಾಡಬಹುದು. ಬ್ಯಾಟರಿಯಲ್ಲೇ ನಡೆಸಿ, ಮೈಗೆ ತಾಗುವ ಸರ್ಕ್ಯೂಟನ್ನು ಪ್ಲಗ್ಗಿಗೆ ಜೋಡಿಸಲೇಬೇಡಿ.