ಕುಕೀಸ್‌ನಲ್ಲಿ ಒಣದ್ರಾಕ್ಷಿ ಗಟ್ಟಿಯಾಗದಿರಲು

ಒಣದ್ರಾಕ್ಷಿ ಸುಟ್ಟು ಕಲ್ಲಾಗುತ್ತದೆ, ಕುಕೀಸ್ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಎರಡನ್ನೂ ಸರಿ ಮಾಡಬಹುದು.

ದ್ರಾಕ್ಷಿಯನ್ನು ಬೆಚ್ಚಗಿನ ನೀರಿನಲ್ಲಿ 10 ನಿಮಿಷ ನೆನೆಸಿ. ಆಮೇಲೆ ಬಟ್ಟೆಯಲ್ಲಿ ಒತ್ತಿ ಚೆನ್ನಾಗಿ ಒರೆಸಿ. ಇದನ್ನು ಮಾತ್ರ ಬಿಡಬೇಡಿ, ನೀರು ಉಳಿದರೆ ಹಿಟ್ಟು ಅಂಟಂಟಾಗುತ್ತದೆ. ಉಂಡೆ ಕಟ್ಟುವಾಗ ಮೇಲೆ ಇಣುಕುವ ದ್ರಾಕ್ಷಿಗಳನ್ನು ಬೆರಳಿನಿಂದ ಒಳಗೆ ಒತ್ತಿಬಿಡಿ. ಹೊರಗಿರುವುದೇ ಮೊದಲು ಉಬ್ಬಿ ಕಪ್ಪಾಗುವುದು. ಅದರಲ್ಲಿ ಸಕ್ಕರೆ ಜಾಸ್ತಿ ಅಲ್ವಾ.

ಹರಡುವುದಕ್ಕೆ ಹೆಚ್ಚಾಗಿ ಕಾರಣ ಬೆಣ್ಣೆ. ಸೆಖೆಗೆ ಕಲಸುವಷ್ಟರಲ್ಲೇ ಕರಗಿಬಿಡುತ್ತದೆ. 150 ಗ್ರಾಂ ಮೈದಾಕ್ಕೆ 100 ಗ್ರಾಂ ಬೆಣ್ಣೆ, 70 ಗ್ರಾಂ ಪುಡಿ ಸಕ್ಕರೆ, ಚಿಟಿಕೆ ಉಪ್ಪು, 50 ಗ್ರಾಂ ದ್ರಾಕ್ಷಿ ಸಾಕು. ಉಂಡೆಗಳನ್ನು ಸ್ವಲ್ಪ ತಟ್ಟಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಮೊದಲೇ ಬಿಸಿ ಮಾಡಿದ ಓವನ್‌ನಲ್ಲಿ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ 12ರಿಂದ 15 ನಿಮಿಷ ಬೇಯಿಸಿ. ಅಂಚು ಹೊಂಬಣ್ಣಕ್ಕೆ ತಿರುಗಿ ನಡುಭಾಗ ಇನ್ನೂ ಮೆತ್ತಗಿರುವಾಗಲೇ ಹೊರಗೆ ತೆಗೆಯಿರಿ. ಮೆತ್ತಗಿದೆ ಎಂದು ಮತ್ತೆ ಒಳಗಿಡಬೇಡಿ, ಆರುತ್ತಾ ತಾನೇ ಗರಿಗರಿಯಾಗುತ್ತದೆ.

ಖರ್ಜೂರ ಹಾಕುವುದಾದರೆ ನೆನೆಸುವುದೇ ಬೇಡ. ಸಣ್ಣಗೆ ಹೆಚ್ಚಿ ಒಂದು ಚಮಚ ಮೈದಾದಲ್ಲಿ ಹೊರಳಿಸಿದರೆ ಒಂದಕ್ಕೊಂದು ಅಂಟುವುದಿಲ್ಲ.